ಅಕ್ಕ ಒಂದೇ ಸಲ ‘ನಿಮ್ಮಿಷ್ಟ’ ಅಂದದ್ದು

ಅಕ್ಕನಿಗೆ ಕನ್ನಡಕ ಕೊಡಲು ಹೋದವನು ಒಂದು ಕೇಬಲ್ಲನ್ನು ಹೆಗಲಿಗೆ ಸಿಕ್ಕಿಸಿಕೊಂಡು ವಾಪಸ್ಸು ಹೊರಟೆ. ಕದಿಯುವ ಉದ್ದೇಶ ನನಗಿರಲಿಲ್ಲ. ಇದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು, ಅಲ್ಲಿ ಹೇಳಲು ನನ್ನನ್ನು ಯಾರೂ ಬಿಡಲಿಲ್ಲ.

ಅಕ್ಕ ಕೆಲಸ ಮಾಡುವುದು ಉಪಗ್ರಹ ಕೇಂದ್ರದಲ್ಲಿ. ಅಂಗಳದಲ್ಲಿ ಆಕಾಶಕ್ಕೆ ಬಾಯಿ ತೆರೆದು ಕೂತ ದೊಡ್ಡ ಬಿಳಿ ಬೋಗುಣಿಯಂಥ ಆಂಟೆನಾ, ಒಳಗೆ ಆಳೆತ್ತರದ ಕಬ್ಬಿಣದ ಕಪಾಟುಗಳು, ಅವುಗಳ ತುಂಬ ಮಿಣುಕು ದೀಪದ ಪೆಟ್ಟಿಗೆಗಳು. ಆ ಪೆಟ್ಟಿಗೆಗಳಿಗೆ ಮೋಡೆಮ್ ಎನ್ನುತ್ತಾರೆ. ಇಲ್ಲಿನ ಮಾತನ್ನು ಮೂಟೆ ಕಟ್ಟಿ ಮೇಲಕ್ಕೆ ಕಳಿಸುವುದು, ಮೇಲಿಂದ ಬಂದ ಮೂಟೆಯನ್ನು ಬಿಚ್ಚಿ ಕೊಡುವುದು ಅವುಗಳ ಕೆಲಸ. ಎರಡು ಕಪಾಟುಗಳ ನಡುವಿನ ದಾರಿಯನ್ನು ಯಾರೋ ಸಣಕಲು ಮನುಷ್ಯನ ಅಳತೆ ತೆಗೆದುಕೊಂಡು ಬಿಟ್ಟಿದ್ದಾರೆ. ನಾನೂ ಸಣಕಲು ಇದ್ದ ಕಾಲ ಒಂದಿತ್ತು, ಆಗ ಯಾರೂ ನನ್ನನ್ನು ಇಂಥ ಕಡೆ ಕರೆಯಲಿಲ್ಲ. ಕನ್ನಡಕ ಕೊಟ್ಟು ಠೀವಿಯಿಂದ ತಿರುಗಿದೆ. ನನ್ನ ಬಟ್ಟೆಯ ಚೀಲದ ಹಿಡಿ ಕಪಾಟಿನ ಹಿಂದಿನ ತೆಳ್ಳನೆ ಕೇಬಲ್ಲೊಂದಕ್ಕೆ ಸಿಕ್ಕಿಕೊಂಡದ್ದು ಗೊತ್ತಾಗಲಿಲ್ಲ. ಟಪ್ ಎಂದಿತು. ಕೆಂಪು ದೀಪ ಹತ್ತಿತು. ಎಲ್ಲಿಂದಲೋ ಪೀಂ ಪೀಂ ಎಂದು ಕೂಗು ಶುರುವಾಯಿತು.

“ಲೋ! ನಿಲ್ಲೋ ಅಲ್ಲೇ! ಅಲ್ಲಾಡಬೇಡ! ಉಸಿರೂ ಬಿಡಬೇಡ!” ಎಂದು ಅಕ್ಕ ಕೂಗಿದಳು.

ನಾನು ಉಸಿರು ಹಿಡಿದು ನಿಂತೆ. ನನ್ನ ಬೆನ್ನ ಮೇಲೆ ಕೇಬಲ್ಲು ಬಾಲದ ಹಾಗೆ ಜೋತಾಡುತ್ತಿತ್ತು. ಗಾಜಿನ ಗೋಡೆಯಾಚೆ, ಪಕ್ಕದ ರೂಮಿನಲ್ಲಿ ಕೂತಿದ್ದ ಬೆಳ್ಳಿ ಕೂದಲಿನ ಹಿರಿಯರೊಬ್ಬರು ಎದ್ದು ಬಂದು ಇಣುಕಿ, “ಪರವಾಗಿಲ್ಲ ಬಿಡಿ ಮೇಡಂ, ಪಾಪ, ನೋಡೋಕೆ ಬಂದಿದಾರೆ” ಎಂದರು. ನನ್ನನ್ನು ಶಾಲಾ ಮಕ್ಕಳ ಪ್ರವಾಸದಲ್ಲಿ ಸೇರಿಸಿದ ಆ ದನಿ ಅಕ್ಕನ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಅಕ್ಕ ಕೇಬಲ್ಲನ್ನು ನನ್ನ ಬೆನ್ನಿಂದ ಬಿಡಿಸಿ, ಇದ್ದ ಜಾಗದಲ್ಲೇ ಚುಚ್ಚಿ, ಗಟ್ಟಿಯಾಗಿ ತಿರುಪಿದಳು. ಕೂಗು ನಿಂತಿತು.

“ಮನೇಲಿ ಕುರ್ಚಿಗೆ ಸಿಕ್ಕಿಸ್ಕೋತೀಯ, ಬಾಗಿಲ ಚಿಲಕಕ್ಕೆ ಸಿಕ್ಕಿಸ್ಕೋತೀಯ. ಇಲ್ಲೂ ಬಂದು ಮಾನ ಕಳೀಬೇಕಾ?”

“ಕನ್ನಡಕ ಮರೆತು ಬಂದಿದ್ದು ನೀನು.”

“ತಂದಿದ್ದು ನೀನು ತಾನೆ?”

ಈ ತರ್ಕದ ಎದುರು ನಾನು ಹುಟ್ಟಿದಾಗಿನಿಂದ ಸೋಲುತ್ತ ಬಂದಿದ್ದೇನೆ.

ಅಕ್ಕ ಎಂಥವಳು ಎಂದು ಇಲ್ಲಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅಮ್ಮ ದಿನಾ ಕೆಲಸಕ್ಕೆ ಹೋಗುತ್ತಿದ್ದಳು, ಮನೆಗೆ ಅಕ್ಕನೇ ಹಿರಿಯ ಮಗಳು. ಹಾಗಾಗಿ ಸ್ಲೇಟು ಹಿಡಿಯುವ ವಯಸ್ಸಿಗೇ ಅವಳಿಗೆ ಆಡಳಿತ ಬಂತು. ನನ್ನ ಬೈತಲೆ ಎಡಕ್ಕೋ ಬಲಕ್ಕೋ ಎಂದು ತೀರ್ಮಾನಿಸಿದವಳು ಅವಳು. ಕೂದಲು ಹೋದ ಮೇಲೂ ಆ ತೀರ್ಮಾನ ಜಾರಿಯಲ್ಲಿದೆ. ಕಿಟಕಿಯ ಪರದೆ, ಅಪ್ಪನ ಚಪ್ಪಲಿ, ನಾನು ಕಾಲೇಜಿನಲ್ಲಿ ಓದಿದ ವಿಷಯ, ಎಲ್ಲ ಅವಳ ಆಯ್ಕೆ. ನಾನು ಹಾಸ್ಯ ಬರೆಯತೊಡಗಿದ್ದೊಂದೇ ನನ್ನ ಸ್ವಂತ ನಿರ್ಧಾರ ಎಂದು ಬಹಳ ದಿನ ಹೆಮ್ಮೆಪಟ್ಟಿದ್ದೆ. ಆಮೇಲೆ ಗೊತ್ತಾಯಿತು, “ಇವನು ಇನ್ಯಾವುದಕ್ಕೂ ಆಗೋದಿಲ್ಲ, ಬರೆದುಕೊಂಡಿರಲಿ” ಎಂದು ಅವಳು ಅಮ್ಮನಿಗೆ ಮೊದಲೇ ಹೇಳಿಟ್ಟಿದ್ದಳಂತೆ. ಭಾವನ ವಿಷಯ ಕೇಳಲೇಬೇಡಿ. ಮದುವೆಗೆ ಒಪ್ಪಿಗೆಯೇ ಎಂದು ಕೇಳಿದಾಗ “ಹೂಂ” ಅಂದವರು, ಇವತ್ತಿಗೂ ಅದೇ ಮಾತಿನ ಮೇಲೆ ನಿಂತಿದ್ದಾರೆ.

ಅಕ್ಕ ಮೊದಲು ಸೇರಿದ್ದು ಟೆಲಿಫೋನ್ ಎಕ್ಸ್‌ಚೇಂಜಿಗೆ. ಕಿವಿಗೆ ಹೆಡ್‌ಫೋನು, ಮುಂದೆ ತೂತುಗಳ ಹಲಗೆ, ಕೈಯಲ್ಲಿ ತಂತಿಗಳು. ಊರಿನ ಅರ್ಧ ಜನ ಉಳಿದರ್ಧ ಜನರ ಜೊತೆ ಮಾತಾಡಬೇಕಾದರೆ ಅವಳ ಕೈ ದಾಟಿ ಹೋಗಬೇಕು. ಅವಳಿಗೆ ಹೇಳಿ ಮಾಡಿಸಿದ ಕೆಲಸ. ಅಲ್ಲಿ ಅವಳ ಕಿವಿ ಎಷ್ಟು ಹರಿತವಾಯಿತೆಂದರೆ, ಮೇಲಿನ ಮಹಡಿಯಲ್ಲಿ ನನ್ನ ಬಚ್ಚಲ ನಲ್ಲಿ ತೊಟ್ಟಿಕ್ಕಿದರೆ ಕೆಳಗೆ ಅವಳು ಕೂತಲ್ಲಿಂದಲೇ ಬೈಯುತ್ತಾಳೆ. ಎಕ್ಸ್‌ಚೇಂಜು ತನ್ನಷ್ಟಕ್ಕೆ ತಾನೇ ನಡೆಯುವ ಯಂತ್ರವಾದಾಗ ಜೊತೆಯವರೆಲ್ಲ ಮನೆಗೆ ಹೋದರು. ಅಕ್ಕ ಹೋಗಲಿಲ್ಲ. “ಮಾತು ಎಲ್ಲಿಗೆ ಹೋಗುತ್ತೋ ನಾನೂ ಅಲ್ಲಿಗೆ ಹೋಗ್ತೀನಿ” ಎಂದು ಹಟ ಹಿಡಿದು ಉಪಗ್ರಹ ಕೇಂದ್ರಕ್ಕೆ ಹಾಕಿಸಿಕೊಂಡಳು.

ಅಲ್ಲಿ ಎರಡು ರೂಮು. ಮೋಡೆಮ್‌ಗಳಿರುವ ಅಕ್ಕನದು ‘ಆಕಾಶದ ರೂಮು’. ಗಾಜಿನ ಗೋಡೆಯಾಚೆಯದು ‘ನೆಲದ ರೂಮು’. ಊರಿನ ಫೋನುಗಳ ಮಾತನ್ನೆಲ್ಲ ಒಟ್ಟುಮಾಡಿ ಮೋಡೆಮ್‌ಗೆ ಕೊಡುವ ಯಂತ್ರಗಳು ಅಲ್ಲಿವೆ. ಆ ಬೆಳ್ಳಿ ಕೂದಲಿನ ಹಿರಿಯರು ಅದರ ಉಸ್ತುವಾರಿ. ಜಗತ್ತಿನಲ್ಲಿ ಯಾವುದನ್ನು ಕೇಳಿದರೂ “ನಿಮ್ಮಿಷ್ಟ” ಎನ್ನುವುದರಿಂದ ಕೇಂದ್ರದವರೆಲ್ಲ ಅವರನ್ನು ನಿಮ್ಮಿಷ್ಟ ಸಾಹೇಬರು ಎನ್ನುತ್ತಾರೆ. ಫ್ಯಾನು ಹಾಕಲಾ ಸಾರ್? ನಿಮ್ಮಿಷ್ಟ. ಫ್ಯಾನು ಆರಿಸಲಾ ಸಾರ್? ನಿಮ್ಮಿಷ್ಟ. ಒಮ್ಮೆ ವೈದ್ಯರು ಯಾವ ಕಣ್ಣು ಮಂಜು ಎಂದು ಕೇಳಿದಾಗಲೂ ಹಾಗೇ ಅಂದರಂತೆ.

ಈಗ ದೋಣಿಯವನ ವಿಷಯಕ್ಕೆ ಬರುತ್ತೇನೆ. ಅಕ್ಕನ ಮೋಡೆಮ್‌ಗಳಲ್ಲೊಂದು ದೂರದ ಒಂದು ದ್ವೀಪಕ್ಕೆ ಮಾತು ಒಯ್ಯುತ್ತದೆ. ದ್ವೀಪದಲ್ಲಿ ಹೃದಯದ ಡಾಕ್ಟರಿಲ್ಲ. ಅಲ್ಲಿನ ನರ್ಸಮ್ಮ ರೋಗಿಯ ಎದೆಗೆ ಒಂದು ಮೈಕು ಹಚ್ಚುತ್ತಾಳೆ, ಇಲ್ಲಿ ಆಸ್ಪತ್ರೆಯಲ್ಲಿ ಕೂತ ಡಾಕ್ಟರು ಬಡಿತ ಕೇಳಿ ಹೇಳುತ್ತಾರೆ. ಹೊಸ ಯಂತ್ರಗಳು ಬಂದಾಗಿನಿಂದ ಆ ಲೈನಿನಲ್ಲಿ ಆಗಾಗ ‘ಟಕ್’ ಎಂಬ ಸದ್ದು ಬರತೊಡಗಿತ್ತು. ಮಾತಾಡುವವರಿಗೆ ಅದರಿಂದ ಏನೂ ತೊಂದರೆಯಿಲ್ಲ. ಹೃದಯ ಕೇಳುವವರಿಗೆ ಇದೆ. ಲಬ್-ಡಬ್, ಲಬ್-ಡಬ್, ಟಕ್. ದ್ವೀಪದವರ ಹೃದಯಕ್ಕೆಲ್ಲ ಒಂದೊಂದು ಬಡಿತ ಜಾಸ್ತಿಯಾಯಿತು. ಡಾಕ್ಟರು ಮೊದಲು ಅಲ್ಲಿನ ನೀರನ್ನು ಅನುಮಾನಿಸಿದರು, ಆಮೇಲೆ ಅಲ್ಲಿನ ಗಾಳಿಯನ್ನು, ಕೊನೆಗೆ ಲೈನನ್ನು. ಆದರೂ, “ಟಕ್ ಲೈನಿನದೋ ಎದೆಯದೋ ನನಗೆ ಗೊತ್ತಾಗಲ್ಲ. ಸದ್ದು ನಿಲ್ಲೋ ತನಕ ಯಾರನ್ನೂ ಗಟ್ಟಿಮುಟ್ಟು ಅಂತ ನಾನು ಹೇಳಲಾರೆ” ಎಂದುಬಿಟ್ಟರು.

ಇದರಲ್ಲಿ ಸಿಕ್ಕಿಹಾಕಿಕೊಂಡವನು ದ್ವೀಪದ ದೋಣಿಯವ. ವರ್ಷಕ್ಕೊಮ್ಮೆ ಅವನ ಎದೆ ಪರೀಕ್ಷೆಯಾಗಬೇಕು, ಆಗದಿದ್ದರೆ ಜನರನ್ನು ಕೂರಿಸಿಕೊಂಡು ದೋಣಿ ನಡೆಸುವಂತಿಲ್ಲ. ಟಕ್ ಬಂತು, ದೋಣಿ ಕಟ್ಟಿಹಾಕಿದರು. ಇಲ್ಲಿಗೆ ಬಂದು ಡಾಕ್ಟರಿಗೆ ನೇರವಾಗಿ ಎದೆ ತೋರಿಸು ಎಂದರು. ದ್ವೀಪದಿಂದ ಇಲ್ಲಿಗೆ ಬರುವ ದೋಣಿ ಒಂದೇ, ಅದನ್ನು ನಡೆಸಬೇಕಾದವನು ಅವನೇ, ಅವನು ನಡೆಸುವಂತಿಲ್ಲ. ಯಾವಾಗಲೋ ಬರುವ ಸರಕಿನ ಹಡಗಿನಲ್ಲಿ ಮೂಟೆಗಳ ಜೊತೆ ಕೂತು ಬರಲು ಅವನು ಸುತರಾಂ ಒಪ್ಪಲಿಲ್ಲ. ಕೊನೆಗೆ ಮೇಲಿನವರು ಶುಕ್ರವಾರ ಇನ್ನೊಮ್ಮೆ ಕೇಳಿಸುವುದೆಂದೂ, ಆಗಲೂ ಟಕ್ ಬಂದರೆ ಅವನ ಜಾಗಕ್ಕೆ ಬೇರೆಯವನನ್ನು ಕಾಯಂ ಮಾಡುವುದೆಂದೂ ತೀರ್ಮಾನಿಸಿದರು. ದೋಣಿಯವ ದಿನಾ ಅಕ್ಕನಿಗೆ ಫೋನು ಮಾಡಿ, “ಅಮ್ಮಾ, ಎದೆ ಬಗೆದು ತೋರಿಸ್ಲಾ?” ಎಂದು ಕೇಳುತ್ತಿದ್ದ. ಅಕ್ಕ ಮೋಡೆಮ್ ಬದಲಿಸಿದಳು, ತಂತಿ ಬದಲಿಸಿದಳು, ಆಂಟೆನಾ ಒರೆಸಿಸಿದಳು. ಟಕ್ ಹೋಗಲಿಲ್ಲ. ಮನೆಗೆ ಬಂದು ಭಾವನ ಮೇಲೆ ರೇಗಿದಳು. ಭಾವ “ಹೂಂ” ಅಂದರು.

ನಾನು ಬಾಲ ಕಳಚಿಸಿಕೊಂಡು ಬೈಗುಳ ತಿನ್ನುತ್ತಿದ್ದಾಗಲೇ ಅವನ ಫೋನು ಬಂತು. ಅಕ್ಕ ಸ್ಪೀಕರಿಗೆ ಹಾಕಿದಳು.

“ಅಮ್ಮಾ, ಈಗೇನು ಮಾಡಿದ್ರಿ?”

“ಏನಿಲ್ಲಪ್ಪ. ನನ್ನ ತಮ್ಮ ಬಂದು ಒಂದು ಕೇಬಲ್ ಕಿತ್ತಿದ್ದ. ಹಾಕಿದೀನಿ. ಎಲ್ಲಾ ಸರಿಹೋಯ್ತು.”

“ಸರಿ ಮಾಡಿದ್ಮೇಲೇ ಮತ್ತೆ ಕೆಟ್ಟಿದ್ದು! ನರ್ಸಮ್ಮ ಮೈಕ್ ಹಚ್ಕೊಂಡು ಕೂತಿದ್ರು. ಮಧ್ಯೆ ಸ್ವಲ್ಪ ಹೊತ್ತು ಎದೆ ಸುಮ್ನಿತ್ತು.”

“ಎದೆ ಸುಮ್ನಿತ್ತಾ?”

“ಎದೆಯಲ್ಲಮ್ಮಾ, ಟಕ್ ಸುಮ್ನಿತ್ತು. ಎದೆ ಸುಮ್ನಿದ್ರೆ ನಾನು ಫೋನ್ ಮಾಡ್ತಿದ್ನಾ? ಅದೇನು ಕಿತ್ರೋ ಇನ್ನೊಂದ್ಸಲ ಕೀಳೋಕೆ ಹೇಳಿ ನಿಮ್ಮ ತಮ್ಮನಿಗೆ.”

ಅಕ್ಕ ನನ್ನನ್ನು ನೋಡಿದ ನೋಟದಲ್ಲಿ ಮೆಚ್ಚುಗೆ ಇರಲಿಲ್ಲ. ಮೂಢನೊಬ್ಬ ಎಡವಿ ಬಿದ್ದು ನಿಧಿ ತೋರಿಸಿದರೆ ಊರವರು ಹೇಗೆ ನೋಡುತ್ತಾರೋ ಹಾಗೆ ನೋಡಿದಳು. ತಾನೇ ಹೋಗಿ ಕೇಬಲ್ಲು ಕಿತ್ತಳು. ಪೀಂ ಪೀಂ ಶುರುವಾಯಿತು, ಟಕ್ ನಿಂತಿತು. ಮತ್ತೆ ಹಾಕಿದಳು. ಪೀಂ ಪೀಂ ನಿಂತಿತು, ಟಕ್ ಬಂತು. ಅಕ್ಕ ಸ್ಟೂಲಿನ ಮೇಲೆ ಕುಸಿದು ಕೂತು ಹಣೆ ಚಚ್ಚಿಕೊಂಡಳು.

“ಅಯ್ಯೋ ನನ್ನ ಬುದ್ಧಿಗಿಷ್ಟು! ಅವತ್ತು ನಿಮ್ಮಿಷ್ಟ ಅಂದುಬಿಟ್ಟೆ ಕಣೋ.”

ಅವಳು ವಿವರಿಸಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಕಟ್ಟಡ ಕಟ್ಟುವಲ್ಲಿ ಕೆಳಗಿನವನು ಇಟ್ಟಿಗೆ ಎಸೆಯುತ್ತಾನೆ, ಮೇಲಿನವನು ಹಿಡಿಯುತ್ತಾನೆ. ಇಬ್ಬರ ತಾಳ ಒಂದೇ ಇರಬೇಕು. ಎಸೆಯುವವನು ಕೂದಲೆಳೆಯಷ್ಟು ಬೇಗ ಇದ್ದರೂ ಸ್ವಲ್ಪ ಹೊತ್ತಿಗೆ ಒಂದು ಇಟ್ಟಿಗೆ ಕೈತಪ್ಪಿ ಬೀಳುತ್ತದೆ. ಆ ಬಿದ್ದ ಇಟ್ಟಿಗೆಯೇ ಟಕ್. ಮೋಡೆಮ್ಮಿಗೂ ನೆಲದ ಯಂತ್ರಕ್ಕೂ ಹೀಗೆ ಒಂದೇ ತಾಳ ಬೇಕು. ಅದಕ್ಕೆ ಗಡಿಯಾರ ಎನ್ನುತ್ತಾರೆ. ಒಬ್ಬರು ಗಡಿಯಾರ ಕೊಡಬೇಕು, ಇನ್ನೊಬ್ಬರು ಅದನ್ನು ನೋಡಿಕೊಂಡು ನಡೆಯಬೇಕು. ಯಾರು ಕೊಡುವವರು, ಯಾರು ನೋಡುವವರು ಎಂದು ಮೊದಲೇ ಯಂತ್ರಕ್ಕೆ ಹೇಳಿಡಬೇಕು.

ಹೊಸ ಯಂತ್ರ ಬಂದ ದಿನ ನಿಮ್ಮಿಷ್ಟ ಸಾಹೇಬರು ಬಾಗಿಲಲ್ಲಿ ನಿಂತು, “ಗಡಿಯಾರ ನಿಮ್ಮದೋ ನಮ್ಮದೋ ಮೇಡಂ?” ಎಂದು ಕೇಳಿದ್ದರು. ಚಾವಣಿಯ ಮೇಲೆ ಅಕ್ಕನ ರೂಮಿಗಾಗಿಯೇ ಕೂರಿಸಿದ ಒಳ್ಳೆಯ ಗಡಿಯಾರ ಇತ್ತು. “ನಮ್ಮದು” ಎಂದು ಒಂದು ಮಾತು ಅಂದಿದ್ದರೆ ಮುಗಿದಿತ್ತು. ಜೀವಮಾನವಿಡೀ ಯಾರಿಗೂ ಬಿಟ್ಟುಕೊಡದ ಅಕ್ಕ, ಅವತ್ತು ಯಾಕೋ ವಿನಯ ಉಕ್ಕಿ ಬಂದು, “ನಿಮ್ಮಿಷ್ಟ ಸಾರ್” ಅಂದಳು. ಅವರು, “ಛೇ ಛೇ, ನಿಮ್ಮಿಷ್ಟ” ಅಂದರು. ಇಬ್ಬರೂ ನಗುತ್ತ ತಮ್ಮ ತಮ್ಮ ರೂಮಿಗೆ ಹೋದರು. ಅಕ್ಕ ಒಂದು ಕೇಬಲ್ಲು ಎಳೆದು, ಮೋಡೆಮ್ಮಿಗೆ “ನೆಲದ ರೂಮಿನ ಗಡಿಯಾರ ನೋಡ್ಕೊಂಡು ನಡಿ” ಎಂದು ಹೇಳಿದಳು. ಸಾಹೇಬರು ತಮ್ಮ ಯಂತ್ರಕ್ಕೆ “ಮೋಡೆಮ್ಮಿನ ಗಡಿಯಾರ ನೋಡ್ಕೊಂಡು ನಡಿ” ಎಂದರು. ಅಂದಿನಿಂದ ಎರಡೂ ಒಂದರ ಮುಖ ಇನ್ನೊಂದು ನೋಡುತ್ತ, ಯಾರೂ ಮುಂದೆ ನಡೆಯದೆ, ನೆಟ್ಟಗೆ ದಾರಿ ತಪ್ಪುತ್ತಿದ್ದವು. ನಾನು ಅದೇ ಕೇಬಲ್ಲು ಕಿತ್ತಾಗ ಮೋಡೆಮ್ಮು ನೋಡಲು ಮುಖವೇ ಇಲ್ಲದೆ ತನ್ನದೇ ಗಡಿಯಾರದಲ್ಲಿ ನಡೆಯಿತು, ನೆಲದ ಯಂತ್ರ ಅದರ ಹಿಂದೆ ಹೋಯಿತು, ಇಟ್ಟಿಗೆ ಬೀಳುವುದು ನಿಂತಿತು.

“ಇಷ್ಟೇ ತಾನೆ? ಹೋಗಿ ಹೇಳು,” ಎಂದೆ ನಾನು.

ಅಕ್ಕ ಹೋದಳು. ಹಿಂದೆ ನಾನೂ ಹೋದೆ, ಚೀಲವನ್ನು ಮಗುವಿನ ಹಾಗೆ ಎದೆಗವಚಿಕೊಂಡು.

“ಸಾರ್, ನೀವು ಗಡಿಯಾರ ಎಲ್ಲಿಂದ ತಗೊಂಡಿದೀರಿ?”

“ನಿಮ್ಮಿಂದಾನೇ ಮೇಡಂ. ಅವತ್ತೇ ಹೇಳಿದ್ನಲ್ಲ.”

“ನಾನು ನಿಮ್ಮಿಂದ ತಗೊಂಡಿದೀನಿ ಸಾರ್.”

“ಅಯ್ಯಯ್ಯೋ! ನಂದೆಲ್ಲ ಅಂಥ ಗಡಿಯಾರ ಅಲ್ಲ ಮೇಡಂ.” ಅವರ ಮುಖ ಕೆಂಪಗಾಯಿತು. ಯಾರೋ ತಮ್ಮ ಎಂಜಲು ಲೋಟದಲ್ಲಿ ನೀರು ಕುಡಿದರೆಂದು ತಿಳಿದವರ ಹಾಗೆ ಚಡಪಡಿಸಿದರು.

“ಹಾಗಾದ್ರೆ ಇನ್ಮೇಲೆ ಯಾರದು ಇಟ್ಕೊಳ್ಳೋಣ?”

ನಾನು ಅಕ್ಕನ ಬೆನ್ನಿಗೆ ಮೆಲ್ಲಗೆ ಗುದ್ದಿದೆ. ಕೇಳಬೇಡ, ಹೇಳು ಎಂಬ ಅರ್ಥದಲ್ಲಿ.

“ಅದು... ನಿಮ್ಮಿಷ್ಟ,” ಎಂದರು ಸಾಹೇಬರು.

ಅಕ್ಕ ಬಾಯಿ ತೆರೆದಳು. ಮನೆಯಲ್ಲಾದರೆ ಆ ಬಾಯಿಂದ ಬೆಂಕಿ ಬರಬೇಕಿತ್ತು. “ಯೋಚನೆ ಮಾಡೋಣ ಸಾರ್” ಎಂಬ ಮಾತು ಬಂತು.

ಹೊರಗೆ ಬಂದು ನಾನು ಕೂಗಾಡಿದೆ. ಐವತ್ತು ದಾಟಿದ ಮೇಲೆ ಅಕ್ಕನ ಮೇಲೆ ಕೂಗಾಡಿದ್ದು ಇದೇ ಮೊದಲು. “ಭಾವನ ಹತ್ರ ಆಗುತ್ತೆ, ನನ್ನ ಹತ್ರ ಆಗುತ್ತೆ, ಇವರ ಹತ್ರ ಏನು ನಿನಗೆ ದಾಡಿ?”

“ಇಲ್ಲಿಗೆ ಬಂದ ಹೊಸದ್ರಲ್ಲಿ ಎಲ್ಲರೂ ನನ್ನ ‘ಎಕ್ಸ್‌ಚೇಂಜಮ್ಮ’ ಅಂತ ಆಡ್ಕೋತಿದ್ರು ಕಣೋ. ಕೂರೋಕೆ ಕುರ್ಚಿ ಇರಲಿಲ್ಲ. ಅವರು ತಮ್ಮ ಕುರ್ಚಿ ತಂದು ಹಾಕಿ, ‘ಕೂತ್ಕೊಳ್ಳಿ ಮೇಡಂ’ ಅಂದ್ರು. ನನ್ನ ಜನ್ಮದಲ್ಲಿ ನನಗೆ ಮೇಡಂ ಅಂದ ಮೊದಲ ಮನುಷ್ಯ. ಅವರ ಮುಂದೆ ನಾಲಿಗೆ ಏಳೋದಿಲ್ಲ.”

ಆದರೆ ಶುಕ್ರವಾರ ಬರುತ್ತಿತ್ತು.

ಅಂದು ಸಂಜೆ ಮನೆಗೆ ಹೊರಡುವ ಮುಂಚೆ ಅಕ್ಕ ಯಾರಿಗೂ ಹೇಳದೆ ತನ್ನ ಪಾಲಿನ ತಪ್ಪನ್ನು ತಾನೇ ತಿದ್ದಿದಳು. ಕೇಬಲ್ಲು ಸುತ್ತಿಟ್ಟು, ಮೋಡೆಮ್ಮಿಗೆ ಚಾವಣಿಯ ಗಡಿಯಾರ ನೋಡಲು ಹೇಳಿದಳು. ಕೆಂಪು ದೀಪವಿಲ್ಲ, ಕೂಗಿಲ್ಲ, ಟಕ್ ಇಲ್ಲ. ನೆಮ್ಮದಿಯಿಂದ ಮನೆಗೆ ಬಂದು, ಊಟಕ್ಕೆ ಏನು ಮಾಡಲಿ ಎಂದು ಭಾವನನ್ನು ಕೇಳಿದಳಂತೆ. ಅಂಥ ಪ್ರಶ್ನೆ ಕೇಳಿ ರೂಢಿಯಿಲ್ಲದ ಭಾವ ಅವಳಿಗೆ ಜ್ವರವಿರಬಹುದೆಂದು ಹಣೆ ಮುಟ್ಟಿ ನೋಡಿದರು.

ಮಾರನೆಯ ದಿನ ದೋಣಿಯವನ ಫೋನು. “ಅಮ್ಮಾ, ಟಕ್ ಬದಲಾಗಿದೆ. ಮೊದಲು ಹಲ್ಲಿ ಲೊಚಗುಟ್ಟೋ ಥರ ಪದೇ ಪದೇ ಬರ್ತಿತ್ತು. ಈಗ ಅಪರೂಪಕ್ಕೆ ಬರ್ತದೆ, ಬಂದ್ರೆ ಬಾಗಿಲು ತಟ್ಟೋ ಹಾಗೆ ಬರ್ತದೆ. ಇದು ಸುಧಾರಣೆ ಅಂತ ಲೆಕ್ಕಾನಾ?”

ಅಕ್ಕ ಗಾಜಿನಾಚೆ ನೋಡಿದಳು. ಸಾಹೇಬರು ಸಂಕೋಚದಿಂದ ಮುಗುಳ್ನಕ್ಕು ಎದ್ದು ಬಂದರು.

“ನಿಮಗ್ಯಾಕೆ ತೊಂದರೆ ಅಂತ ಮೇಡಂ, ಬೆಳಿಗ್ಗೆ ಬಂದವನೇ ನಮ್ಮ ಯಂತ್ರಕ್ಕೆ ನಮ್ಮದೇ ಗಡಿಯಾರ ಹಾಕಿಬಿಟ್ಟೆ. ಇನ್ನು ನಮ್ಮ ಭಾರ ನಿಮ್ಮ ಮೇಲಿಲ್ಲ.”

ಮೊದಲು ಇಬ್ಬರೂ ಹಿಂಬಾಲಕರು. ಈಗ ಇಬ್ಬರೂ ಯಜಮಾನರು. ಎಸೆಯುವವನಿಗೆ ಒಂದು ತಾಳ, ಹಿಡಿಯುವವನಿಗೆ ಇನ್ನೊಂದು, ಇಟ್ಟಿಗೆ ಮತ್ತೆ ನೆಲಕ್ಕೆ. ಇದನ್ನು ಕೇಳಿ ನನಗೆ ಕೂದಲು ಕಿತ್ತುಕೊಳ್ಳುವ ಹಾಗಾಯಿತು, ಸೌಲಭ್ಯವಿರಲಿಲ್ಲ. ಅಕ್ಕ ಮಾತ್ರ, “ಬಹಳ ಉಪಕಾರ ಆಯ್ತು ಸಾರ್” ಅಂದಳಂತೆ. ಒಬ್ಬ ಆರೋಗ್ಯವಂತನ ಬದುಕನ್ನು ಇಬ್ಬರು ಸಜ್ಜನರು ಸೇರಿ ಹೇಗೆ ಮುಳುಗಿಸಬಹುದು ಎಂಬುದು ನನಗೆ ಅವತ್ತು ಗೊತ್ತಾಯಿತು. ಒಬ್ಬ ದುರ್ಜನ ನಡುವೆ ಇದ್ದಿದ್ದರೆ ಎಂದೋ ಜಗಳವಾಗಿ ಎಲ್ಲ ಸರಿಹೋಗುತ್ತಿತ್ತು.

ಶುಕ್ರವಾರ ಅಕ್ಕ ನನ್ನನ್ನೂ ಹೊರಡಿಸಿದಳು. “ಚೀಲ ತಗೊಂಡು ಬಾ. ಏನಾದ್ರೂ ಕೀಳಬೇಕಾದ್ರೆ ನಿನ್ನಂಥವನು ಇನ್ನೊಬ್ಬ ಸಿಗಲ್ಲ.” ನಾವು ಹೋದಾಗ ದ್ವೀಪದಲ್ಲಿ ನರ್ಸಮ್ಮ ಮೈಕು ಹಿಡಿದು ಸಿದ್ಧಳಾಗಿದ್ದಳು. ಡಾಕ್ಟರು ಇನ್ನೇನು ಲೈನಿಗೆ ಬರುವವರಿದ್ದರು. ದೋಣಿಯವ ಸ್ಪೀಕರಿನಲ್ಲಿ ಗೊಣಗುತ್ತಿದ್ದ. “ಅಮ್ಮಾ, ನನ್ನ ದೋಣಿ ಕಿಟಕೀಲಿ ಕಾಣ್ತದೆ. ಕಟ್ಟಿದ ಹಗ್ಗಕ್ಕೆ ಪಾಚಿ ಹಿಡೀತು. ಹಡಗಿನಲ್ಲಿ ಹೊಸಬ ಬಂದಿಳಿದಿದಾನೆ. ಬಂದವನೇ ನನ್ನನ್ನೇ ಕೇಳಿದ, ಬ್ರೇಕ್ ಎಲ್ಲಿದೆ ಅಂತ. ದೋಣೀಲಿ ಬ್ರೇಕ್ ಹುಡುಕ್ತಾನೆ ಅಮ್ಮಾ ಅವನು!”

ಟಕ್ ಎಂದಿತು ಲೈನು.

ಅಷ್ಟರಲ್ಲಿ ನಿಮ್ಮಿಷ್ಟ ಸಾಹೇಬರು ಬಾಗಿಲಲ್ಲಿ ಇಣುಕಿದರು. “ಚಹಾಕ್ಕೆ ಹೋಗಿ ಬರ್ತೀನಿ ಮೇಡಂ. ನಿಮಗೂ ತರಲಾ?”

“ತನ್ನಿ ಸಾರ್. ನಿಧಾನಕ್ಕೆ ಬನ್ನಿ,” ಅಂದಳು ಅಕ್ಕ.

ಅವರ ಚಪ್ಪಲಿಯ ಸದ್ದು ಮೊಗಸಾಲೆ ದಾಟಿ ಮೆಟ್ಟಿಲಿಳಿದು ಕರಗುವ ತನಕ ಅಕ್ಕ ಕಿವಿಗೊಟ್ಟು ಕೂತಿದ್ದಳು. ಆಮೇಲೆ ಎದ್ದಳು. ನನಗೆ ಗುರುತಿದ್ದ ನಡಿಗೆ ಅದು. ನನ್ನ ಪುಸ್ತಕದ ಕಪಾಟನ್ನು ಮಹಡಿಯಿಂದ ಹೊರಗೆ ಹಾಕಿಸಿದ ದಿನ ಹಾಗೇ ನಡೆದಿದ್ದಳು. ಸೀದಾ ನೆಲದ ರೂಮಿಗೆ ಹೋಗಿ, ಸಾಹೇಬರ ಕುರ್ಚಿಯಲ್ಲಿ ಕೂತು, ಅವರ ಯಂತ್ರದ ಮುಂದೆ ಬಾಗಿದಳು. ಗಾಜಿನೊಳಗಿಂದ ನನಗೆ ಅವಳ ಬೆರಳು ಮಾತ್ರ ಕಾಣುತ್ತಿತ್ತು. ಒತ್ತಿತು, ತಡೆಯಿತು, ಮತ್ತೆ ಒತ್ತಿತು. ಕೂತ ಕುರ್ಚಿಯನ್ನು ಇದ್ದ ಹಾಗೇ ಮೇಜಿನೊಳಗೆ ತಳ್ಳಿ ವಾಪಸ್ಸು ಬಂದಳು. ಮುಖದಲ್ಲಿ ಯಾವ ಗೆಲುವೂ ಇರಲಿಲ್ಲ.

“ಎಲ್ಲರೂ ಸುಮ್ಮನಿರಿ,” ಎಂದರು ಡಾಕ್ಟರು ಲೈನಿನಲ್ಲಿ.

ಲಬ್-ಡಬ್. ಲಬ್-ಡಬ್. ನಾನು ಉಸಿರು ಹಿಡಿದೆ, ಈ ಸಲ ಯಾರೂ ಹೇಳದೆ. ಅಕ್ಕ ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ಎಕ್ಸ್‌ಚೇಂಜಿನ ಕಾಲದ ಕಿವಿಯಲ್ಲಿ ಕೇಳುತ್ತಿದ್ದಳು. ಲಬ್-ಡಬ್. ಡಾಕ್ಟರು ಬಿಡಲೇ ಇಲ್ಲ. ಮಲಗಿಸಿ ಕೇಳಿದರು, ಕೂರಿಸಿ ಕೇಳಿದರು, ನಾಲ್ಕು ಹೆಜ್ಜೆ ಓಡಿಸಿ ಕೇಳಿದರು. ಕೊನೆಗೆ, “ಏನ್ರೀ ಇದು, ಎತ್ತಿನ ಹಾಗಿದೆ ಎದೆ! ಯಾರು ಇವನನ್ನ ದಡದಲ್ಲಿ ಕೂರಿಸಿದ್ದು?” ಎಂದು ನರ್ಸಮ್ಮನ ಮೇಲೆ ರೇಗಿದರು.

“ನೀವೇ ಸಾರ್,” ಅಂದಳು ನರ್ಸಮ್ಮ.

ದೋಣಿಯವ ಅಕ್ಕನಿಗೆ ಏನೋ ಹೇಳಲು ಹೋದ. “ಅಮ್ಮಾ, ಹಗ್ಗ ಬಿಚ್ಚೋಕೆ ಹೋಗ್ತೀನಿ” ಎಂದಷ್ಟೇ ಹೇಳಿ ಫೋನಿಟ್ಟ.

ಸಾಹೇಬರು ಎರಡು ಕೈಯಲ್ಲಿ ಲೋಟ ಹಿಡಿದು ಬಂದರು. ಸುದ್ದಿ ಕೇಳಿ ಅವರಿಗೆ ನಮಗಿಂತ ಹೆಚ್ಚು ಸಂತೋಷವಾಯಿತು. “ನೋಡಿದ್ರಾ ಮೇಡಂ! ಯಂತ್ರಗಳೂ ಮನುಷ್ಯರ ಹಾಗೇ. ಸ್ವಲ್ಪ ದಿನ ಅವುಗಳ ಪಾಡಿಗೆ ಬಿಟ್ರೆ ತಾವೇ ಹೊಂದ್ಕೋತವೆ.”

“ಹೌದು ಸಾರ್,” ಎಂದು ಅಕ್ಕ ಚಹಾ ಕುಡಿದಳು.

ಸಂಜೆ ಇಬ್ಬರೂ ಬಸ್ ಸ್ಟಾಪಿನ ತನಕ ನಡೆದೆವು. ನನಗೆ ಮಾತ್ರ ಒಳಗೇ ಕೊರೆಯುತ್ತಿತ್ತು. ಕುರ್ಚಿ ಕೊಟ್ಟ ಮನುಷ್ಯನ ಕುರ್ಚಿಯಲ್ಲೇ ಕೂತು, ಬೆನ್ನ ಹಿಂದೆ ಅವರ ಯಂತ್ರವನ್ನು ತನ್ನ ಗಡಿಯಾರದ ಕಡೆ ತಿರುಗಿಸುವುದೆಂದರೆ ಸಣ್ಣ ಮಾತಲ್ಲ. ನಾನು ಧೈರ್ಯ ಮಾಡಿ ಕೇಳಿಯೇಬಿಟ್ಟೆ.

“ಅಲ್ಲಕ್ಕಾ, ಏನೇ ಆದ್ರೂ ದೊಡ್ಡವರು. ಅವರದ್ದು ಮುಟ್ಟೋ ಮುಂಚೆ ಅವರನ್ನ ಒಂದು ಮಾತು ಕೇಳಬೇಕಿತ್ತು ಅನ್ನಿಸಲಿಲ್ವಾ?”

ಅಕ್ಕ ಬಸ್ಸು ಬರುವ ಕಡೆ ನೋಡುತ್ತಲೇ ಹೇಳಿದಳು: “ಕೇಳಿ ತಾನೇ ಇಷ್ಟೆಲ್ಲ ಆಗಿದ್ದು.”